ನಾಲ್ಕನೆಯ ದಿನದ ನಂತರ

(ಹುಬ್ಬಳ್ಳಿಯಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮರಣ ಸಂಭವಿಸಿದ ಮನೆಯಲ್ಲಿ ನಮ್ಮ ಸಮುದಾಯವು ಎಷ್ಟು ಶಿಸ್ತಿನಿಂದ ವರ್ತಿಸುತ್ತದೆಂಬುದನ್ನು ನೀವೆಲ್ಲರೂ ಬಲ್ಲಿರಿ. ಗಂಟೆಯೊಳಗೆ ಮಸೀದಿಯಿಂದ ಸುದ್ದಿ ಹೊರಡುತ್ತದೆ. ಗುಸ್ಲ್ ಮಾಡಿಸುವವರು ಬರುತ್ತಾರೆ, ಕಫನ್ ಹೊಲಿಯುವವರು ಬರುತ್ತಾರೆ, ಖಬರಸ್ತಾನದಲ್ಲಿ ಗುದ್ದಲಿಯ ಸದ್ದು ಕೇಳಿಸುತ್ತದೆ. ತೀರಿಕೊಂಡವರು ಬಡವರಿರಲಿ, ಬಲ್ಲಿದರಿರಲಿ, ಜನಾಝಾಕ್ಕೆ ಹೆಗಲು ಕೊಡಲು ಗುರುತೇ ಇಲ್ಲದವರೂ ಓಡಿ ಬರುತ್ತಾರೆ. ಮೂರು ದಿನಗಳ ಕಾಲ ನೆರೆಮನೆಯಿಂದ ಊಟ ಬರುತ್ತದೆ. ಇದು ನಾವು ಹೆಮ್ಮೆಪಡಬೇಕಾದ ಸಂಗತಿಯೇ ಆಗಿದೆ. ನಾಲ್ಕನೆಯ ದಿನದಿಂದ ಆ ಮನೆಯೊಳಗೆ ಏನು ನಡೆಯುತ್ತದೆ ಎಂಬುದು ಇಂದಿನ ನನ್ನ ವಿಷಯ.

ನಾನು ಕಲಿತ ಮದ್ರಸದಲ್ಲಿ ಜನಾಝಾದ ಅಧ್ಯಾಯವನ್ನು ವಾರಗಟ್ಟಲೆ ಓದಿಸಿದರು. ಎಷ್ಟು ತುಂಡು ಬಟ್ಟೆ, ಯಾವ ಬದಿಯಿಂದ ನೀರು, ಎಷ್ಟು ತಕ್ಬೀರ್ ಎಂಬುದೆಲ್ಲ ಈಗಲೂ ಬಾಯಿಪಾಠವಿದೆ. ಮುಂದೆ ಕಲಾ ಪದವಿಗೆ ಸೇರಿದಾಗ ಮನಃಶಾಸ್ತ್ರದ ಪುಸ್ತಕದಲ್ಲಿ ಶೋಕದ ಕುರಿತು ಎರಡು ಪುಟಗಳಿದ್ದವು. ಮಯ್ಯಿತ್‌ನ ಬಗ್ಗೆ ಅಲ್ಲಿ, ಮನಸ್ಸಿನ ಬಗ್ಗೆ ಇಲ್ಲಿ. ಉಳಿದವರ ಜೊತೆ ಹೇಗೆ ಕುಳಿತುಕೊಳ್ಳಬೇಕೆಂದು ಹೇಳಿಕೊಡುವ ತರಗತಿ ಎರಡೂ ಕಡೆ ಇರಲಿಲ್ಲ. ಪತ್ರಕರ್ತನಾಗಿ ಸಾವಿನ ಮನೆಗಳಿಗೆ ಹೋಗಲಾರಂಭಿಸಿದ ಮೇಲೆಯೇ ಇದು ಒಂದು ವಿದ್ಯೆಯೆಂಬುದೂ, ಈ ವಿದ್ಯೆಯನ್ನು ಕಲಿತು ವೃತ್ತಿಯಾಗಿ ಮಾಡುವವರಿದ್ದಾರೆಂಬುದೂ ತಿಳಿಯಿತು.

ಈ ಅವಳಿ ನಗರಕ್ಕೆ ದುಃಖದ ಪರಿಚಯ ಹೊಸದಲ್ಲ. 2019ರ ಮಾರ್ಚ್ 19ರಂದು, ಮಂಗಳವಾರ ಮಧ್ಯಾಹ್ನ, ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡವು ಕುಸಿದು 19 ಮಂದಿ ಮೃತಪಟ್ಟರು. ರಕ್ಷಣಾ ಕಾರ್ಯ ಹಲವು ದಿನ ನಡೆಯಿತು. ದಿನಗಳು ಕಳೆದ ಬಳಿಕವೂ ಅವಶೇಷಗಳಡಿಯಿಂದ ಜೀವಂತವಾಗಿ ಹೊರಬಂದವರಿದ್ದರು. ಆದ್ದರಿಂದಲೇ ಹೊರಗೆ ಕಾಯುತ್ತಿದ್ದವರು ಕೊನೆಯ ಕಲ್ಲು ಸರಿಯುವವರೆಗೂ ಆಸೆ ಬಿಡಲಾಗದೆ ಕುಳಿತಿದ್ದರು. 2021ರ ಜನವರಿ 15ರಂದು ಇಟಿಗಟ್ಟಿ ಬಳಿಯ ಬೈಪಾಸ್‌ನಲ್ಲಿ, ಗೆಳತಿಯರೆಲ್ಲ ಸೇರಿ ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಮಹಿಳೆಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. 2024ರ ಡಿಸೆಂಬರ್ 22ರ ತಡರಾತ್ರಿ ಹುಬ್ಬಳ್ಳಿಯ ಉಣಕಲ್ ಬಳಿ ಅಡುಗೆ ಅನಿಲ ಹೊತ್ತಿಕೊಂಡು ಒಂಬತ್ತು ಮಂದಿ ಅಯ್ಯಪ್ಪ ಮಾಲಾಧಾರಿಗಳು ಸುಟ್ಟ ಗಾಯಗಳಿಗೆ ತುತ್ತಾದರು. ಮುಂದಿನ ಕೆಲವು ದಿನಗಳಲ್ಲಿ, ಒಬ್ಬರ ಹಿಂದೆ ಒಬ್ಬರಂತೆ, ಎಂಟು ಮಂದಿ ಕಿಮ್ಸ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಬದುಕುಳಿದವನು ಒಬ್ಬ ಬಾಲಕ.

ಈ ಮೂರೂ ಘಟನೆಗಳಲ್ಲಿ ಶೋಕದ ರೂಪ ಒಂದೇ ಅಲ್ಲ ಎಂಬುದನ್ನು ಗಮನಿಸಿರಿ. ಮೊದಲನೆಯದರಲ್ಲಿ ಕಾಯುವಿಕೆಯ ಯಾತನೆಯಿದೆ. ಎರಡನೆಯದು ನಗುನಗುತ್ತಾ ಹೊರಟವರ ಸುದ್ದಿ ಕೆಲವೇ ತಾಸುಗಳಲ್ಲಿ ಬಂದು ಎರಗಿದ ಆಘಾತ. ಮೂರನೆಯದರಲ್ಲಿ, ನೆರೆಯ ಹಾಸಿಗೆಯವರು ಹೋದರೆಂದು ತಿಳಿದು ತಮ್ಮವರ ಸರದಿಗಾಗಿ ನಡುಗುತ್ತಾ ಕುಳಿತ ತಾಯಂದಿರಿದ್ದಾರೆ. ಉಳಿದ ಆ ಬಾಲಕನಿಗೆ ತಾನೇಕೆ ಉಳಿದೆ ಎಂಬ ಪ್ರಶ್ನೆ ಎಂದಾದರೂ ಎದುರಾದೀತು. ಎಲ್ಲರಿಗೂ ‘ಧೈರ್ಯ ತಂದುಕೊಳ್ಳಿ’ ಎಂಬ ಒಂದೇ ಔಷಧಿ ನಾಟುವುದಿಲ್ಲ.

ಇಂತಹ ಘಟನೆಗಳ ಮರುದಿನ ಏನಾಗುತ್ತದೆ? ಸಚಿವರು ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಛಾಯಾಚಿತ್ರ ಪ್ರಕಟವಾಗುತ್ತದೆ. ಪರಿಹಾರ ಬೇಡವೆಂದು ನಾನು ಹೇಳುತ್ತಿಲ್ಲ. ದುಡಿಯುವ ಕೈ ಹೋದ ಮನೆಗೆ ಅದು ಅನಿವಾರ್ಯ. ಆದರೆ ಚೆಕ್ಕಿನ ಜೊತೆಗೆ, ಮುಂದಿನ ಆರು ತಿಂಗಳು ಆ ಮನೆಯ ಬಾಗಿಲು ತಟ್ಟುವ ತರಬೇತಾದ ವ್ಯಕ್ತಿಯೊಬ್ಬನನ್ನು ಕಳುಹಿಸಬೇಕೆಂದು ನಮ್ಮ ಆಡಳಿತಕ್ಕೆ ತೋಚುವುದು ಅಪರೂಪ. 2024ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇದೇ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಹತ್ಯೆಯಾಯಿತು. ಒಬ್ಬಾಕೆ ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಾಕೆ ತನ್ನದೇ ಮನೆಯೊಳಗೆ. ಚುನಾವಣೆಯ ಕಾಲವಾದ್ದರಿಂದ ಮೊದಲ ಮನೆಯ ಅಂಗಳವು ಭಾಷಣದ ವೇದಿಕೆಯಾಯಿತು. ಆರೋಪಿಯ ಹೆಸರು ಯಾವ ಧರ್ಮದ್ದು ಎಂಬುದರ ಮೇಲೆ ಶೋಕದ ಅಳತೆ ನಿರ್ಧಾರವಾಗುವುದನ್ನು ನಾವು ಕಂಡೆವು. ಧಾರವಾಡದ ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಮುಚ್ಚಿ ಆ ಹೆಣ್ಣುಮಗಳಿಗೆ ನ್ಯಾಯ ಕೇಳಿದ್ದು ಆ ದಿನಗಳ ಒಂದು ಒಳ್ಳೆಯ ನೆನಪು. ಆದರೆ ಆ ಕೃತ್ಯವನ್ನು ಕಣ್ಣಾರೆ ಕಂಡ ಸಹಪಾಠಿಗಳು ರಾತ್ರಿ ಹೇಗೆ ನಿದ್ರಿಸಿದರು ಎಂದು ಕೇಳಿದ ನಾಯಕರನ್ನು ನಾನಂತೂ ಕಾಣಲಿಲ್ಲ.

ಶೋಕದ ವೈಜ್ಞಾನಿಕ ಅಧ್ಯಯನವು ಬೆಳೆದದ್ದೂ ಇಂತಹದೇ ದುರಂತದಿಂದ. 1942ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ಮನರಂಜನಾ ಕೇಂದ್ರಕ್ಕೆ ಬೆಂಕಿ ಬಿದ್ದು 492 ಮಂದಿ ಸತ್ತರು. ಎರಿಕ್ ಲಿಂಡೆಮನ್ ಎಂಬ ವೈದ್ಯನು ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಕಂಡು 1944ರಲ್ಲಿ ಬರೆದ ಲೇಖನವು ಈ ಕ್ಷೇತ್ರದ ಬುನಾದಿಯೆನಿಸಿತು. ಗಂಟಲು ಬಿಗಿಯುವುದು, ಪದೇ ಪದೇ ನಿಟ್ಟುಸಿರು, ಕೈಕಾಲಲ್ಲಿ ಬಲವಿಲ್ಲದಿರುವುದು, ಸತ್ತವರ ಮುಖವೇ ಕಣ್ಣ ಮುಂದೆ ಸುಳಿಯುವುದು, ತನ್ನದೇ ತಪ್ಪೆಂಬ ಕೊರಗು, ಸಾಂತ್ವನ ಹೇಳಲು ಬಂದವರ ಮೇಲೆಯೇ ಸಿಟ್ಟು ಇವೆಲ್ಲವೂ ಶೋಕದ ಲಕ್ಷಣಗಳೆಂದು ಅವನು ದಾಖಲಿಸಿದ. ನಮ್ಮ ಮನೆಗಳಲ್ಲಿ ಇದೇ ಲಕ್ಷಣಗಳಿಗೆ ‘ನಜರ್ ತಗಲಿದೆ’, ‘ಗಾಳಿ ಸೋಕಿದೆ’ ಎಂದು ಹೆಸರಿಟ್ಟು ಆಮಿಲ್‌ನ ಬಳಿಗೆ ಕರೆದೊಯ್ಯುವವರಿದ್ದಾರೆ. ವಿಧವೆಯ ಕೈಯ ಬಳೆ ಮಾರಿಸಿ ತಾವೀಜು ಕಟ್ಟುವ ಈ ದಂಧೆಯ ಬಗ್ಗೆ ಈ ಪತ್ರಿಕೆಯಲ್ಲಿ ಎಷ್ಟು ಬರೆದರೂ ಸಾಲದು.

ನಮ್ಮ ಕರ್ನಾಟಕದ ಉದಾಹರಣೆಯೂ ಇದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಹತ್ತಿ 92 ಮಂದಿ ಅಸುನೀಗಿದರು. ಅವರಲ್ಲಿ ಬಹಳಷ್ಟು ಮಂದಿ ಮಕ್ಕಳು. ನಿಮ್ಹಾನ್ಸ್‌ನ ತಜ್ಞರು ಆ ಕುಟುಂಬಗಳ ಶೋಕವನ್ನು ಅಧ್ಯಯನ ಮಾಡಿದರು. ಮುಂದೆ ಭೋಪಾಲ್ ಅನಿಲ ದುರಂತ, 2001ರ ಗುಜರಾತ್ ಭೂಕಂಪ, 2002ರ ಗುಜರಾತ್ ಹಿಂಸಾಚಾರ, 2004ರ ಸುನಾಮಿ ಇವೆಲ್ಲವುಗಳ ಸಂತ್ರಸ್ತರ ನಡುವೆಯೂ ನಿಮ್ಹಾನ್ಸ್‌ನವರು ದುಡಿದರು. ಅವರು ಕಂಡುಕೊಂಡ ದಾರಿ ನಮಗೆ ಬಹಳ ಮುಖ್ಯವಾದುದು. ಎಲ್ಲರಿಗೂ ಮನೋವೈದ್ಯರನ್ನು ಒದಗಿಸಲು ಸಾಧ್ಯವಿಲ್ಲದ ದೇಶದಲ್ಲಿ ಊರಿನವರನ್ನೇ, ಅಂಗನವಾಡಿಯ ಕಾರ್ಯಕರ್ತೆಯರನ್ನೂ ಶಿಕ್ಷಕರನ್ನೂ ಸ್ವಯಂಸೇವಕರನ್ನೂ ಆರಿಸಿ, ಆಲಿಸುವ ವಿದ್ಯೆಯನ್ನು ಕಲಿಸಿ, ಮನೆ ಮನೆಗೆ ಕಳುಹಿಸುವುದು. ಗಂಭೀರವಾದ ಪ್ರಕರಣಗಳನ್ನು ಮಾತ್ರ ತಜ್ಞರಿಗೆ ಒಪ್ಪಿಸುವುದು. ಒಂದು ಮಹಲ್ಲಾ ಮಾಡಬಹುದಾದ ಕೆಲಸವಿದು.

ಇನ್ನು, ಶೋಕ ಸಮಾಲೋಚಕರು ಮಾಡುವುದಾದರೂ ಏನು? ಅವರು ಉಪದೇಶ ಮಾಡುವುದಿಲ್ಲ. ಮೊದಲ ಭೇಟಿಯಲ್ಲಿ ಹೆಚ್ಚಿನ ಸಮಯ ಕೇಳುತ್ತಾರೆ. ತೀರಿಕೊಂಡವರ ಹೆಸರನ್ನು ಕೇಳುತ್ತಾರೆ ಮತ್ತು ಆ ಹೆಸರಿನಿಂದಲೇ ಅವರನ್ನು ಉಲ್ಲೇಖಿಸುತ್ತಾರೆ. ಸುದ್ದಿ ಹೇಗೆ ತಲುಪಿತು, ಆಗ ನೀವು ಎಲ್ಲಿದ್ದಿರಿ, ಕೊನೆಯ ಮಾತು ಏನಾಗಿತ್ತು ಎಂದು ವಿಚಾರಿಸುತ್ತಾರೆ. ನಿದ್ರೆ, ಊಟ, ಸಾಯಬೇಕೆಂಬ ಯೋಚನೆ ಇವುಗಳ ಬಗ್ಗೆ ನೇರವಾಗಿ ಪ್ರಶ್ನಿಸುತ್ತಾರೆ. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿದೆ. ಅದು ಸರಿಯಲ್ಲ, ಕೇಳಿದರೆ ಮನಸ್ಸು ಹಗುರಾಗುತ್ತದೆ. ಮುಂದಿನ ಭೇಟಿಗಳಲ್ಲಿ, ಬೀಗ ಹಾಕಿದ ಕೋಣೆಯನ್ನು ತೆರೆಯುವುದು, ಬಟ್ಟೆಬರೆಗಳನ್ನು ಏನು ಮಾಡಬೇಕೆಂದು ನಿರ್ಧರಿಸುವುದು, ಅಪಘಾತವಾದ ರಸ್ತೆಯಲ್ಲಿ ಮತ್ತೆ ಹೋಗುವುದು ಮುಂತಾದ ಸಣ್ಣ ಸಣ್ಣ ಕೆಲಸಗಳು ಬರುತ್ತವೆ. ಮರೆಯಬೇಕೆಂದು ಅವರು ಹೇಳುವುದಿಲ್ಲ. ಸತ್ತವರೊಂದಿಗಿನ ನಂಟು ಬೇರೊಂದು ರೂಪದಲ್ಲಿ ಉಳಿಯಲೆಂದೇ ಇಂದಿನ ತಜ್ಞರು ಬಯಸುತ್ತಾರೆ. ದುಆ ಮಾಡುವ, ಸತ್ತವರ ಹೆಸರಿನಲ್ಲಿ ಸದಕ ಕೊಡುವ ನಮಗೆ ಇದು ಅಪರಿಚಿತವಾದ ಮಾತಲ್ಲ.

ಎಲಿಸಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಹೇಳಿದ ಐದು ಹಂತಗಳ ಬಗ್ಗೆ ಕಾಲೇಜಿನಲ್ಲಿ ಓದಿದವರು ಇಲ್ಲಿರಬಹುದು. ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಗೆ. ಅವರು ಅದನ್ನು ಮೊದಲು ಹೇಳಿದ್ದು ಸಾಯುತ್ತಿರುವ ರೋಗಿಗಳನ್ನು ಕುರಿತು. ಉಳಿದವರು ಈ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಬೇಕೆಂಬ ನಿಯಮವೇನೂ ಇಲ್ಲ. ‘ನೀನಿನ್ನೂ ಕೋಪದಲ್ಲಿಯೇ ಇದ್ದೀಯಲ್ಲ’ ಎಂದು ಯಾರನ್ನೂ ಅಳೆಯಬೇಡಿರಿ.

ಬಹುತೇಕ ಜನರಿಗೆ ವೃತ್ತಿಪರ ಸಮಾಲೋಚಕರ ಅಗತ್ಯವೇ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ಬಂಧುಗಳು, ನಮಾಝ್, ಕೆಲಸ, ಕಾಲ ಇವು ಹೆಚ್ಚಿನವರನ್ನು ಎಬ್ಬಿಸಿ ನಿಲ್ಲಿಸುತ್ತವೆ. ಸುಮಾರು ಹತ್ತು ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಶೋಕವು ಗಟ್ಟಿಯಾಗಿ ನಿಂತುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಇದಕ್ಕೆ ‘ದೀರ್ಘಕಾಲದ ಶೋಕ’ ಎಂಬ ಪ್ರತ್ಯೇಕ ಸ್ಥಾನವಿದೆ. ಆರು ತಿಂಗಳು ದಾಟಿದ ಬಳಿಕವೂ, ಆಯಾ ಸಮಾಜದ ರೂಢಿಯನ್ನು ಮೀರಿ, ದಿನದ ಬದುಕೇ ನಿಂತುಹೋಗುವಷ್ಟು ಹಂಬಲ ಮತ್ತು ವೇದನೆ ಇದ್ದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ಭೀಕರ ದೃಶ್ಯ ಕಂಡವರಲ್ಲಿ ಒಂದು ತಿಂಗಳ ನಂತರವೂ ದುಃಸ್ವಪ್ನ, ಘಟನೆ ಮತ್ತೆ ಕಣ್ಣೆದುರು ನಡೆದಂತಾಗುವುದು, ಸಣ್ಣ ಸದ್ದಿಗೂ ಬೆಚ್ಚುವುದು ಉಳಿದಿದ್ದರೆ ಅದು ಆಘಾತದ ಗಾಯ. ಅದಕ್ಕೂ ಪರೀಕ್ಷಿತ ಚಿಕಿತ್ಸೆಗಳಿವೆ. ಆದರೆ ಘಟನೆಯಾದ ಒಂದೆರಡು ದಿನಗಳಲ್ಲೇ ‘ಎಲ್ಲವನ್ನೂ ಹೇಳಿಬಿಡು’ ಎಂದು ಒತ್ತಾಯಿಸಬಾರದು. ಹಾಗೆ ಒತ್ತಾಯಿಸುವುದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆದೀತೆಂದು ಸಂಶೋಧನೆಗಳು ತೋರಿಸಿವೆ. ಆಗ ಬೇಕಾದುದು ನೀರು, ಊಟ, ಮಲಗಲು ಜಾಗ, ಪಕ್ಕದಲ್ಲೊಬ್ಬರು. ಸಾವಿನ ಮನೆಯಲ್ಲಿ ಅಳುವ ಹೆಣ್ಣುಮಗಳಿಗೆ ಯಾರದೋ ಚೀಟಿಯ ನಿದ್ರೆ ಮಾತ್ರೆ ನುಂಗಿಸುವ ಪದ್ಧತಿಯೂ ನಿಲ್ಲಬೇಕು.

ಈಗ ನಮ್ಮದೇ ಸಮುದಾಯದ ಕಡೆಗೆ ಬರೋಣ. ಸಮಾಲೋಚಕರ ಬಳಿಗೆ ಹೋಗು ಎಂದರೆ ‘ಈಮಾನ್ ಇದ್ದವರಿಗೆ ಅದೇಕೆ? ಸಬ್ರ್ ಸಾಕು’ ಎಂಬ ಉತ್ತರ ಬರುತ್ತದೆ. ಸಬ್ರ್ ಎಂದರೆ ಬಾಯಿ ಮುಚ್ಚುವುದೆಂದು ನಾವು ಯಾವಾಗ ಅರ್ಥ ಮಾಡಿಕೊಂಡೆವೋ ತಿಳಿಯದು. ಪ್ರವಾದಿ ಯಾಕೂಬ್(ಅ)ರ ಕಥನವನ್ನು ಮತ್ತೆ ಓದಿರಿ. ಸುಂದರ ಸಹನೆಯ ಮಾತು ಬರುವುದೂ, ಮಗನಿಗಾಗಿ ಅತ್ತು ಅವರ ಕಣ್ಣು ಬೆಳ್ಳಗಾದುದೂ ಒಂದೇ ಅಧ್ಯಾಯದಲ್ಲಿ. ಇನ್ನೂ ಯೂಸುಫ್‌ನದೇ ಧ್ಯಾನವೇ ಎಂದು ಆಕ್ಷೇಪಿಸಿದವರು ಅವರ ಮಕ್ಕಳು. ನಮ್ಮಲ್ಲಿ ಅನೇಕರು ಆ ಮಕ್ಕಳ ಪಾತ್ರವನ್ನು ನಿರ್ವಹಿಸುತ್ತಿರುವುದೇ ವಿಪರ್ಯಾಸ. ಪುಟ್ಟ ಮಗ ಇಬ್ರಾಹೀಮ್ ಮಡಿಲಲ್ಲಿ ಕೊನೆಯುಸಿರೆಳೆಯುತ್ತಿದ್ದಾಗ ಪ್ರವಾದಿ(ಸ)ಯವರು ಕಣ್ಣೀರಿಟ್ಟರು. ಅಚ್ಚರಿಪಟ್ಟ ಸಂಗಾತಿಗೆ ಅದು ಕರುಣೆಯೆಂದು ತಿಳಿಸಿದರು. ಗೋರಿಯ ಬಳಿ ಅಳುತ್ತಿದ್ದ ಮಹಿಳೆಯೊಬ್ಬಳು, ತನ್ನ ಸಂಕಟ ನಿಮಗೇನು ಗೊತ್ತು ಎಂಬರ್ಥದಲ್ಲಿ ಅವರಿಗೇ ಎದುರಾಡಿದಾಗ ಅವರು ಆಕೆಯನ್ನು ಗದರಲಿಲ್ಲ, ಮುಂದೆ ನಡೆದರು. ಮೂತಾದಲ್ಲಿ ಜಅ್‌ಫರ್(ರ) ಹುತಾತ್ಮರಾದಾಗ ಅವರ ಮಕ್ಕಳನ್ನು ಅಪ್ಪಿಕೊಂಡು ಕಣ್ಣೀರಿಟ್ಟರು, ಆ ಮನೆಗೆ ಅಡುಗೆ ಕಳುಹಿಸಲು ಹೇಳಿದರು, ಮೂರು ದಿನಗಳ ಬಳಿಕ ತಾವೇ ಮತ್ತೆ ಹೋದರು. ಎದೆ ಬಡಿದು ಅರಚುವುದನ್ನು ನಿಷೇಧಿಸಿದ ಧರ್ಮವು ಕಣ್ಣೀರನ್ನು ನಿಷೇಧಿಸಿಲ್ಲ. ಮನಸ್ಸಿಗೂ ದೇಹದಂತೆಯೇ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಬೇಕು, ಒಳಗಿನ ಬಲ ಸಾಲದಾದಾಗ ಹೊರಗಿನವರ ಮಾತಿನ ನೆರವು ಬೇಕು ಎಂದು ಹತ್ತನೆಯ ಶತಮಾನದಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಪ್ರತಿಪಾದಿಸಿದ್ದರು. ಇದು ಪಶ್ಚಿಮದಿಂದ ಬಂದ ಫ್ಯಾಶನ್ ಎನ್ನುವವರು ನಮ್ಮದೇ ಗ್ರಂಥ ಭಂಡಾರದ ಧೂಳು ಕೊಡವಲಿ.

ಇಲ್ಲಿ ಸುಧಾರಣೆಯ ಕೆಲಸದಲ್ಲಿರುವ ನಮಗೇ ಒಂದು ಮಾತು ಹೇಳಬೇಕಿದೆ. ಮೂರನೆಯ ದಿನದ ಜಿಯಾರತ್, ನಲ್ವತ್ತನೆಯ ದಿನದ ಚಾಲೀಸ್ವಾಂ ಇವುಗಳ ಹೆಸರಿನಲ್ಲಿ ನಡೆಯುತ್ತಿದ್ದ ದುಂದುವೆಚ್ಚವನ್ನು ನಾವು ವಿರೋಧಿಸಿದೆವು. ಸಾಲ ಮಾಡಿ ಬಿರಿಯಾನಿ ಬಡಿಸಬೇಕಾಗಿದ್ದ ವಿಧವೆಯರನ್ನು ಕಂಡವರಿಗೆ ಆ ವಿರೋಧ ಎಷ್ಟು ನ್ಯಾಯವಾದದ್ದೆಂದು ಗೊತ್ತು. ಆದರೆ ಆ ನಲ್ವತ್ತನೆಯ ದಿನ, ನೆಪ ಯಾವುದೇ ಇರಲಿ, ಜನರು ಆ ಮನೆಗೆ ಮರಳಿ ಬರುತ್ತಿದ್ದರು. ದೇಗಚಿಯ ಜೊತೆ ಆ ಬರುವಿಕೆಯೂ ಹೋಯಿತು. ಅದರ ಜಾಗದಲ್ಲಿ ನಾವೇನನ್ನೂ ಇಟ್ಟಿಲ್ಲ. ಊಟವಿಲ್ಲದೆ, ಖರ್ಚಿಲ್ಲದೆ, ನಲ್ವತ್ತನೆಯ ದಿನವೋ ಎರಡು ತಿಂಗಳಿಗೋ ಇಬ್ಬರು ಸಹೋದರಿಯರು ಆ ಮನೆಗೆ ಹೋಗಿ ಒಂದು ತಾಸು ಕುಳಿತು ಬರುವುದಕ್ಕೆ ಯಾವ ಆಕ್ಷೇಪವಿದೆ? ಅದಕ್ಕೊಂದು ಪಟ್ಟಿಯನ್ನು ಜಮಾಅತ್ ಕಚೇರಿಯಲ್ಲಿ ಇಡಲಾಗದೇ?

ಗಂಡಸರ ವಿಷಯ ಇನ್ನೂ ಕಷ್ಟ. ಮಗನನ್ನು ದಫನ್ ಮಾಡಿ ಬಂದವನು ಮೂರನೆಯ ದಿನ ಅಂಗಡಿಯ ಶಟರ್ ಎತ್ತುತ್ತಾನೆ, ಗಟ್ಟಿಗ ಎಂದು ಎಲ್ಲರೂ ಹೊಗಳುತ್ತಾರೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ತಂದೆಯ ಮುಖ ಕೂಡ ನೋಡಲಾಗದೆ, ಗುಸ್ಲ್ ಕೊಡಲಾಗದೆ, ದೂರದಲ್ಲಿ ನಿಂತು ಮಣ್ಣು ಕೊಟ್ಟವರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ! ಅವರಲ್ಲಿ ಹಲವರು ಇಂದಿಗೂ ಆ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾರೆ. ಮಕ್ಕಳಿಗೆ ನಾವು ಸುಳ್ಳು ಹೇಳುತ್ತೇವೆ: ಅಬ್ಬಾ ಊರಿಗೆ ಹೋಗಿದ್ದಾರೆ, ಅಮ್ಮಿ ಮಲಗಿದ್ದಾಳೆ. ಐದು ವರ್ಷದೊಳಗಿನ ಮಗುವಿಗೆ ಸಾವು ಶಾಶ್ವತವೆಂಬುದು ಅರ್ಥವಾಗುವುದಿಲ್ಲ. ‘ಮಲಗಿದ್ದಾಳೆ’ ಎಂದರೆ ತಾನು ಮಲಗಲು ಹೆದರುತ್ತದೆ. ಸತ್ತಿದ್ದಾರೆ, ಮರಳಿ ಬರುವುದಿಲ್ಲ, ಅದು ನಿನ್ನ ತಪ್ಪಿನಿಂದಲ್ಲ, ನಿನ್ನನ್ನು ನೋಡಿಕೊಳ್ಳಲು ನಾವಿದ್ದೇವೆ. ಸರಳವಾದ ಈ ನಾಲ್ಕು ಮಾತುಗಳನ್ನೇ ಹೇಳಬೇಕೆಂದು ಮಕ್ಕಳ ತಜ್ಞರು ತಿಳಿಸುತ್ತಾರೆ, ಮತ್ತು ಮಗು ಕೇಳಿದಷ್ಟು ಸಲ ಹೇಳಬೇಕು.

ಆತ್ಮಹತ್ಯೆಯಾದ ಮನೆಯ ಗತಿ ಎಲ್ಲಕ್ಕಿಂತ ದಾರುಣ. ಅಲ್ಲಿಗೆ ಸಾಂತ್ವನಕ್ಕೂ ಜನ ಹೋಗುವುದಿಲ್ಲ. ಪ್ರವಾದಿ(ಸ)ಯವರು ಇಂತಹ ಒಬ್ಬನ ಜನಾಝಾ ನಮಾಝನ್ನು ಸ್ವತಃ ನಿರ್ವಹಿಸದಿದ್ದುದು ನಿಜ. ಆದರೆ ಜನರು ಗುಸ್ಲ್ ಕೊಟ್ಟು ನಮಾಝ್ ಮಾಡಿಯೇ ದಫನ್ ಮಾಡಬೇಕೆಂಬುದು ಹನಫಿಗಳೂ ಸೇರಿದಂತೆ ಬಹುಪಾಲು ವಿದ್ವಾಂಸರ ನಿಲುವು. ಕಾನೂನು ಕೂಡ ಈಗ ಕರುಣೆಯ ದಾರಿ ಹಿಡಿದಿದೆ. 2018ರ ಮೇಯಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸುತ್ತದೆ. ಶಿಕ್ಷೆಯ ಬದಲು ಆರೈಕೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸುತ್ತದೆ. ಚಿಕಿತ್ಸೆಯ ಗುಟ್ಟು ರಟ್ಟಾಗದಂತೆ ಕಾಯುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಮಗಳ ಸಂಬಂಧ ತಪ್ಪೀತೆಂದು ಹೆದರುವ ತಂದೆತಾಯಿ ಇದನ್ನು ತಿಳಿದಿರಲಿ.

ಯಾರ ಬಳಿಗೆ ಹೋಗಬೇಕು? ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಇಂದು ಅದು ಡಿಮ್ಹಾನ್ಸ್. ‘ಧಾರವಾಡಕ್ಕೆ ಕಳಿಸಬೇಕು ಇವನನ್ನ’ ಎಂಬ ಕುಹಕ ಉತ್ತರ ಕರ್ನಾಟಕದಲ್ಲಿ ಎಷ್ಟು ಬೇರೂರಿದೆಯೆಂದರೆ ಬಸ್ಸಿನಲ್ಲಿ ಅರ್ಧ ತಾಸಿನ ದೂರದಲ್ಲಿರುವ ಹುಬ್ಬಳ್ಳಿಯವರೇ ಅಲ್ಲಿಗೆ ಹೋಗಲು ನಾಚುತ್ತಾರೆ. ಇನ್ನು, ಫಲಕ ಹಾಕಿಕೊಂಡವರೆಲ್ಲ ಸಮಾಲೋಚಕರಲ್ಲ. ಔಷಧಿ ಬರೆಯುವವರು ಮನೋವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಇತರ ಸಮಾಲೋಚಕರನ್ನೂ ಮನೋಸಾಮಾಜಿಕ ಕಾರ್ಯಕರ್ತರನ್ನೂ ನಿಯಂತ್ರಿಸಲು 2021ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ, ಯಾರ ಮೇಲ್ವಿಚಾರಣೆಯಲ್ಲಿ ದುಡಿದಿರಿ ಎಂದು ಕೇಳುವುದು ನಿಮ್ಮ ಹಕ್ಕು. ಒಂದೇ ಭೇಟಿಯಲ್ಲಿ ಗುಣಪಡಿಸುವೆನೆಂದವರನ್ನು ದೂರವಿಡಿರಿ.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವೂ ಸಮಾಜಕಾರ್ಯ ವಿಭಾಗವೂ ಇವೆ. ನಮ್ಮ ಹೆಣ್ಣುಮಕ್ಕಳು ಬಿ.ಎಡ್.ನ ಹಿಂದೆಯೇ ಓಡುವುದೇಕೆ? ದಖನಿಯಲ್ಲಿ ಅಳುವವಳ ಮಾತು ದಖನಿಯಲ್ಲೇ ಕೇಳಿಸಿಕೊಳ್ಳಬಲ್ಲ, ಇದ್ದತ್ ಎಂದರೇನೆಂದು ವಿವರಿಸಬೇಕಾಗಿಲ್ಲದ ಸಮಾಲೋಚಕಿಯರು ಈ ನಗರಕ್ಕೆ ಬೇಕಾಗಿದ್ದಾರೆ. ಅಂಜುಮನ್‌ಗಳು ವರ್ಷಕ್ಕೆ ಇಬ್ಬರ ಶುಲ್ಕ ಭರಿಸಿದರೆ ಹತ್ತು ವರ್ಷಕ್ಕೆ ಇಪ್ಪತ್ತು ಮಂದಿ.

ಸಭಿಕರಿಂದ ಬಂದ ಒಂದು ಚೀಟಿ ನನ್ನ ಮುಂದಿದೆ. ಇದ್ದತ್‌ನಲ್ಲಿರುವ ವಿಧವೆ ಸಮಾಲೋಚಕರಲ್ಲಿಗೆ ಹೋಗಬಹುದೇ ಎಂದು ಕೇಳಿದ್ದಾರೆ. ನಾಲ್ಕು ತಿಂಗಳು ಹತ್ತು ದಿನಗಳ ಆ ಅವಧಿಯಲ್ಲಿ ನಿಜವಾದ ಅಗತ್ಯಕ್ಕೆ ಹಗಲು ಹೊತ್ತು ಹೊರಹೋಗಲು ಫಿಕ್ಹ್‌ನಲ್ಲಿ ಅವಕಾಶವಿದೆ, ಚಿಕಿತ್ಸೆಯೂ ಅಗತ್ಯವೇ. ಜ್ವರಕ್ಕೆ ವೈದ್ಯರಲ್ಲಿಗೆ ಕರೆದೊಯ್ಯುವ ನಾವು ಇದಕ್ಕೆ ತಡೆಯೊಡ್ಡುವುದು ಯಾವ ನ್ಯಾಯ? ಹೊರಗೆ ಹೋಗಲು ಮನಸ್ಸಿಲ್ಲದಿದ್ದರೆ ಮನೆಯಿಂದಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೂ ಹಿಂದಿಯಲ್ಲೂ ಮಾತನಾಡಬಹುದು. ಕರೆ ಮಾಡುವಾಗ ಆ ಸಹೋದರಿಯನ್ನು ಕೋಣೆಯಲ್ಲಿ ಒಬ್ಬಳನ್ನೇ ಬಿಡಿರಿ, ಅತ್ತೆಯೂ ನಾದಿನಿಯೂ ಸ್ವಲ್ಪ ಹೊತ್ತು ಹೊರಗಿರಲಿ.